ನಿನ್ನೆ ಅಜ್ಜಿ ಹೇಗಿದ್ದರು?

ಜನವರಿಯ ಒಂದು ರಾತ್ರಿ, ಬೆಂಗಳೂರಿನ ನಮ್ಮ ಎಮರ್ಜೆನ್ಸಿಯಲ್ಲಿ ಒಂದೂ ಹಾಸಿಗೆ ಖಾಲಿ ಇರಲಿಲ್ಲ. ವೃದ್ಧಾಶ್ರಮದಿಂದ ಬಂದ ಅಜ್ಜಿಯೊಬ್ಬರನ್ನು ಕಾರಿಡಾರಿನಲ್ಲೇ ಸ್ಟ್ರೆಚರ್ ಮೇಲೆ ಮಲಗಿಸಿದ್ದೆವು. ಜೊತೆಗೆ ಬಂದ ಹುಡುಗನ ಕೈಯಲ್ಲಿ ಆಧಾರ್ ಜೆರಾಕ್ಸ್, ಒಂದು ಕವರ್ ತುಂಬ ಮಾತ್ರೆ.

"ಏನಾಯ್ತಪ್ಪ?"

"ಮಂಕಾಗಿದ್ದಾರೆ ಸಾರ್."

"ಯಾವಾಗಿನಿಂದ?"

"ಗೊತ್ತಿಲ್ಲ ಸಾರ್. ನನ್ನ ಡ್ಯೂಟಿ ಶುರುವಾಗಿದ್ದೇ ಎಂಟಕ್ಕೆ."

108ರಲ್ಲಿ ಬರಲಿ, ಖಾಸಗಿ ಆಂಬುಲೆನ್ಸಿನಲ್ಲಿ ಬರಲಿ, ಹೆಚ್ಚುಕಮ್ಮಿ ಇದೇ ಸಂಭಾಷಣೆ. ಅಷ್ಟರಲ್ಲಿ ಅಮೆರಿಕದಿಂದ ಮಗನ ಫೋನು: "ಎಲ್ಲಾ ಟೆಸ್ಟೂ ಮಾಡಿಬಿಡಿ ಡಾಕ್ಟ್ರೇ." ಮಾಡೋಣ. ಆದರೆ ಯಾವ ಟೆಸ್ಟೂ ಹೇಳದ ಒಂದು ವಿಷಯವಿದೆ: ನಿನ್ನೆ ಇವರು ಹೇಗಿದ್ದರು?

ಎದ್ದು ನಡೆಯುತ್ತಿದ್ದರಾ? ತಾವೇ ಕಲಸಿಕೊಂಡು ಉಣ್ಣುತ್ತಿದ್ದರಾ? ಎರಡು ವರ್ಷದಿಂದ ಮರೆವಿನ ಕಾಯಿಲೆಯಿದ್ದು ಮಗಳ ಗುರುತು ಸಿಗದಿದ್ದರೆ ಅದೊಂದು ಕಥೆ. ನಿನ್ನೆ ಸಂಜೆ ಮಗಳ ಜೊತೆ ಮಾತಾಡಿ, ಇವತ್ತು ಯಾರೋ ಎಂಬಂತೆ ನೋಡಿದರೆ ಪೂರಾ ಬೇರೆ ಕಥೆ. ಎರಡನೆಯದನ್ನು ಡೆಲಿರಿಯಂ ಅನ್ನುತ್ತೇವೆ. ಹಿಂದೆ ಮೂತ್ರದ ಸೋಂಕು, ನ್ಯುಮೋನಿಯಾ, ಶುಗರ್ ಲೋ ಆಗಿರುವುದು, ಹೊಸ ಮಾತ್ರೆ, ಮಲಬದ್ಧತೆ ಏನು ಬೇಕಾದರೂ ಇರಬಹುದು. ಈ ವಯಸ್ಸಿನಲ್ಲಿ ಸೋಂಕಿದ್ದರೂ ಜ್ವರ ಬರದೇ ಇರಬಹುದು. ಕೂಗಾಡುವವರು ಹೇಗೋ ನಮ್ಮ ಕಣ್ಣಿಗೆ ಬೀಳುತ್ತಾರೆ. ಸುಮ್ನೆ ಮಲಗಿಬಿಡುತ್ತಾರಲ್ಲ, ಅವರದ್ದೇ ಜಾಸ್ತಿ ತಪ್ಪಿಹೋಗುವುದು. "ವಯಸ್ಸಾಯ್ತಲ್ವಾ" ಅಂದುಬಿಟ್ಟರೆ ಮುಗಿಯಿತು.

ಹಾಗಂತ ರೋಗಿಯನ್ನು ಕಳಿಸುವವರು ಇದನ್ನೆಲ್ಲ ಬರೆಯುತ್ತಾ ಕೂರಬೇಡಿ. ಬಾಯಿ ಸೊಟ್ಟಗಾದರೆ, ಉಸಿರು ಕಟ್ಟಿದರೆ, ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಬಿದ್ದು ತಲೆಗೆ ಪೆಟ್ಟಾದರೆ ಮೊದಲು ಕಳಿಸಿ, ಆಮೇಲೆ ಫೋನ್ ಮಾಡಿ. ಫೋನ್ ಮಾಡುವುದನ್ನು ಮಾತ್ರ ಮರೆಯಬೇಡಿ.

ಆ ರಾತ್ರಿ ಆಶ್ರಮದ ಫೋನ್ ಕೊನೆಗೂ ಎತ್ತಿದ್ದು ಅಡುಗೆಯಾಕೆ. "ಅಯ್ಯೋ, ನಿನ್ನೆ ನನ್ನ ಜೊತೆ ಕೂತು ಅವರೆಕಾಳು ಹಿಚುಕಿದ್ರು ಸಾರ್! ಸಾರಿಗೆ ಉಪ್ಪು ಕಮ್ಮಿ ಅಂತ ಬೈದ್ರು ಕೂಡ. ಬಿಪಿ ಮಾತ್ರೆ ಬದಲಾದ ಮೇಲೆ ಸ್ವಲ್ಪ ಸುಸ್ತು ಅಂತಿದ್ರು." ನನಗೆ ಬೇಕಾಗಿದ್ದದ್ದು ಅಷ್ಟೇ. ರಕ್ತದ ಸೋಡಿಯಂ 135ರಿಂದ 145ರ ನಡುವೆ ಇರಬೇಕು, ಅವರದ್ದು 116. ಹೊಸ ಬಿಪಿ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸಿ ಸೋಡಿಯಂ ಇಳಿಸಬಲ್ಲ ಔಷಧಿ ಸೇರಿತ್ತು. ಅದನ್ನು ನಿಲ್ಲಿಸಿದೆವು. ಸೋಡಿಯಂ ಅವಸರವಾಗಿ ಏರಿಸಿದರೆ ಮಿದುಳಿಗೇ ಅಪಾಯ, ಹಾಗಾಗಿ ನಿಧಾನವಾಗಿ ಸರಿಮಾಡಿದೆವು.

ನಾಲ್ಕನೇ ದಿನ ಬೆಳಿಗ್ಗೆ ರೌಂಡ್ಸಿಗೆ ಹೋದಾಗ ಅಜ್ಜಿ ಎದ್ದು ಕೂತಿದ್ದರು. ಮುಂದೆ ಮುಟ್ಟದ ಇಡ್ಲಿ. "ಹಲ್ಲಿನ ಸೆಟ್ಟು ಎಲ್ಲಪ್ಪಾ?" ಅಂದರು. ಅದನ್ನೂ ಯಾರೂ ಕಳಿಸಿರಲಿಲ್ಲ.