ಪೆನ್ನು ಹಿಡಿದ ಯಂತ್ರ: ಪ್ಲಾಟರನ್ನು ಕಂಪ್ಯೂಟರಿಗೆ ಹೊಂದಿಸುವ ಬಗೆ

ಪ್ರಿಂಟರಿನಿಂದ ಹೊರಬಂದ ಚಿತ್ರವನ್ನು ಭೂತಗನ್ನಡಿಯಲ್ಲಿ ನೋಡಿದರೆ ಅಲ್ಲಿ ಗೆರೆ ಕಾಣುವುದಿಲ್ಲ. ಒತ್ತೊತ್ತಾಗಿ ಕುಳಿತ ಚುಕ್ಕಿಗಳು ಕಾಣುತ್ತವೆ. ಪೆನ್ ಪ್ಲಾಟರ್ ಹಾಗಲ್ಲ. ಅದು ನಿಜವಾದ ಪೆನ್ನೊಂದನ್ನು ಹಿಡಿದು, ಕಾಗದಕ್ಕೆ ಊರಿ, ಈ ತುದಿಯಿಂದ ಆ ತುದಿಗೆ ಎಳೆಯುತ್ತದೆ. ಮೊನೆ ಹಾದುಹೋದ ಕಡೆ ಕಾಗದದ ಮೇಲೆ ಬೆರಳಿಟ್ಟರೆ ಸಣ್ಣ ತಗ್ಗು ತಿಳಿಯುತ್ತದೆ. ಎರಡು ಗೆರೆಗಳು ಕೂಡುವಲ್ಲಿ ಶಾಯಿ ಒಂದು ಪದರ ಹೆಚ್ಚು ಗಾಢವಾಗಿರುತ್ತದೆ. ಆ ಗೆರೆಗಾಗಿಯೇ ಜನ ಇಂದಿಗೂ ಈ ಯಂತ್ರವನ್ನು ಕಟ್ಟಿಕೊಳ್ಳುತ್ತಾರೆ.

ಯಂತ್ರ ಹೊಸದೇನೂ ಅಲ್ಲ. 1959ರಲ್ಲಿ ಅಮೆರಿಕದಲ್ಲಿ ಬಂದ ಕ್ಯಾಲ್‌ಕಾಂಪ್ 565 ಉರುಳೆಯ ಮೇಲೆ ಕಾಗದ ಸುತ್ತಿಕೊಂಡು, ಇಂಚಿನ ನೂರನೇ ಒಂದು ಭಾಗದಷ್ಟು ಹೆಜ್ಜೆಯಿಡುತ್ತಾ ಗೆರೆ ಎಳೆಯುತ್ತಿತ್ತು. 1965ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಗೇಯೋರ್ಗ್ ನೇಸ್ ಮತ್ತು ಫ್ರೀಡರ್ ನಾಕೆ ಪ್ಲಾಟರ್ ಚಿತ್ರಗಳನ್ನು ಕಲೆಯೆಂದೇ ಪ್ರದರ್ಶನಕ್ಕಿಟ್ಟರು. ಪ್ಯಾರಿಸ್ಸಿನ ಕಲಾವಿದೆ ವೆರಾ ಮೊಲ್ನಾರ್ 1968ರಿಂದ ಈ ದಾರಿ ಹಿಡಿದು, ಚೌಕಗಳನ್ನು ತುಸುತುಸುವೇ ಕದಲಿಸುತ್ತಾ ದಶಕಗಳ ಕಾಲ ಚಿತ್ರ ಬರೆಸಿದರು. ಎಂಬತ್ತರ ದಶಕದಲ್ಲಿ ಎಂಜಿನಿಯರುಗಳ ಕಚೇರಿಗಳಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಪ್ಲಾಟರುಗಳು ನಕ್ಷೆ ಬರೆದವು. ದೊಡ್ಡ ಅಳತೆಯ ಇಂಕ್‌ಜೆಟ್ ಪ್ರಿಂಟರುಗಳು ಬಂದ ಮೇಲೆ ಅವು ಮೂಲೆ ಸೇರಿದವು. ಈಗ ಹೆಜ್ಜೆಹೆಜ್ಜೆಯಾಗಿ ತಿರುಗುವ ಅಗ್ಗದ ಸ್ಟೆಪ್ಪರ್ ಮೋಟಾರು, ಬೆಲ್ಟು ಮತ್ತು ಆರ್ಡುಯಿನೊ ಎಂಬ ಪುಟ್ಟ ನಿಯಂತ್ರಕ ಬೋರ್ಡುಗಳ ದೆಸೆಯಿಂದ ಪ್ಲಾಟರ್ ಮನೆಯ ಮೇಜಿಗೆ ಮರಳಿದೆ.

ಮರಳಿದ್ದೇನೋ ಸರಿ. ಆದರೆ ಪ್ರಿಂಟರಿನಂತೆ ಕೇಬಲ್ ಚುಚ್ಚಿದ ಕೂಡಲೇ ಕೆಲಸಕ್ಕೆ ನಿಲ್ಲುವ ಯಂತ್ರ ಇದಲ್ಲ. ಒಂದು ಮಿಲಿಮೀಟರ್ ಎಂದರೆ ಎಷ್ಟು, ಎಷ್ಟು ಬೇಗ ವೇಗ ಹಿಡಿಯಬೇಕು, ಪೆನ್ನು ಇಳಿಯಲು ಎಷ್ಟು ಹೊತ್ತು ಕಾಯಬೇಕು ಎಂಬುದನ್ನೆಲ್ಲ ನಾವೇ ಹೇಳಬೇಕು. ನನಗೆ ಇದು ತೊಡಕು ಎನ್ನಿಸುವುದಿಲ್ಲ. ಸೆಟ್ಟಿಂಗ್ಸ್ ಪಟ್ಟಿಯಲ್ಲಿರುವ ಒಂದೊಂದು ಅಂಕಿಯ ಹಿಂದೆಯೂ ಹೈಸ್ಕೂಲಿನಲ್ಲಿ ಓದಿದ ಭೌತಶಾಸ್ತ್ರವೋ ಗಣಿತವೋ ಇದೆ. ಅದು ತಿಳಿದರೆ ಹೊಂದಿಸುವ ಕೆಲಸದಲ್ಲಿ ಊಹೆಗೆ ಜಾಗವೇ ಇರುವುದಿಲ್ಲ.

ಮನೆಯಲ್ಲಿ ಕಟ್ಟುವ ಸಾಮಾನ್ಯ ಪ್ಲಾಟರನ್ನೇ ತೆಗೆದುಕೊಳ್ಳೋಣ. ಅಡ್ಡಕ್ಕೊಂದು, ಉದ್ದಕ್ಕೊಂದು ಸ್ಟೆಪ್ಪರ್ ಮೋಟಾರು. ಪೆನ್ನನ್ನು ಎತ್ತಿಳಿಸಲು ಪುಟ್ಟ ಸರ್ವೊ ಮೋಟಾರು. ಆರ್ಡುಯಿನೊ ಯುನೊ, ಅದರ ಮೇಲೆ ಎ4988 ಎಂಬ ಎರಡು ಮೋಟಾರ್ ಚಾಲಕ ಚಿಪ್ಪುಗಳು. ಆರ್ಡುಯಿನೊ ಒಳಗೆ ಗರ್ಬಲ್ ಎಂಬ ತಂತ್ರಾಂಶ. ನಾರ್ವೆಯ ಸಿಮೆನ್ ಸ್ವಾಲೆ ಸ್ಕೋಗ್ಸ್‌ರುಡ್ 2009ರಲ್ಲಿ ಬರೆದು ಎಲ್ಲರಿಗೂ ಮುಕ್ತವಾಗಿ ಕೊಟ್ಟ ಈ ತಂತ್ರಾಂಶ, ಕಂಪ್ಯೂಟರ್ ಕಳಿಸುವ ಜಿ-ಕೋಡ್ ಎಂಬ ಚಲನೆಯ ಆದೇಶಗಳ ಸಾಲುಗಳನ್ನು ಓದಿ ಮೋಟಾರುಗಳಿಗೆ ಮಿಡಿತಗಳನ್ನು ಕಳಿಸುತ್ತದೆ.

ಮೊದಲು ಕಂಪ್ಯೂಟರಿಗೆ ಬೋರ್ಡು ಕಾಣಬೇಕು. ಅಗ್ಗದ ಆರ್ಡುಯಿನೊ ಬೋರ್ಡುಗಳಲ್ಲಿ ಯುಎಸ್‌ಬಿಯನ್ನು ಹಳೆಯ ಸೀರಿಯಲ್ ಪೋರ್ಟಾಗಿ ಮಾರ್ಪಡಿಸುವ ಸಿಎಚ್340 ಎಂಬ ಚಿಪ್ಪು ಇರುತ್ತದೆ. ವಿಂಡೋಸ್‌ನಲ್ಲಿ ಅದಕ್ಕೆ ಡ್ರೈವರ್ ಹಾಕಿದರೆ ಡಿವೈಸ್ ಮ್ಯಾನೇಜರಿನಲ್ಲಿ ಒಂದು ಕಾಮ್ ಪೋರ್ಟ್ ಸಂಖ್ಯೆ ಮೂಡುತ್ತದೆ. ಲಿನಕ್ಸ್‌ನಲ್ಲಿ ಡ್ರೈವರ್ ಮೊದಲೇ ಇದೆ. ಪೋರ್ಟ್ ಬಳಸಲು ಅನುಮತಿ ಸಿಗುವಂತೆ ಬಳಕೆದಾರರ ಹೆಸರನ್ನು ಡಯಲ್‌ಔಟ್ ಗುಂಪಿಗೆ ಸೇರಿಸಬೇಕು. ಉಬುಂಟು 22.04ರಲ್ಲಿ ಇನ್ನೊಂದು ವಿಚಿತ್ರ ಎದುರಾಗಬಹುದು. ಬೋರ್ಡು ಒಂದು ಕ್ಷಣ ಕಾಣಿಸಿಕೊಂಡು ಮಾಯವಾಗುತ್ತದೆ. ಅಂಧರು ಬಳಸುವ ಬ್ರೈಲ್ ಪರದೆಗಳಿಗೆಂದು ಇರುವ ಬಿಆರ್‌ಎಲ್‌ಟಿಟಿವೈ ಎಂಬ ಸೇವೆ, ಅಂಥ ಒಂದು ಪರದೆಯಲ್ಲೂ ಇದೇ ಗುರುತಿನ ಸಂಖ್ಯೆಯ ಚಿಪ್ಪು ಇರುವುದರಿಂದ, ಪ್ಲಾಟರನ್ನು ತನ್ನದೆಂದು ಹಿಡಿದುಕೊಳ್ಳುತ್ತದೆ. ಆ ಯಂತ್ರದಲ್ಲಿ ಬ್ರೈಲ್ ಪರದೆ ಬಳಸುವವರು ಯಾರೂ ಇಲ್ಲದಿದ್ದರೆ ಮಾತ್ರ ಆ ಸೇವೆಯನ್ನು ತೆಗೆದುಹಾಕಿ.

ಪೋರ್ಟ್ ಸಿಕ್ಕಿತು, ಅಕ್ಷರ ಕಳಿಸುವ ವೇಗವನ್ನು 115200 ಬಾಡ್‌ಗೆ ಇಟ್ಟಾಯಿತು. ಪೋರ್ಟ್ ತೆರೆದ ಕೂಡಲೇ ಆರ್ಡುಯಿನೊ ಮರುಚಾಲನೆಗೊಂಡು ಗರ್ಬಲ್ ತನ್ನ ಹೆಸರು, ಆವೃತ್ತಿ ಹೇಳುತ್ತದೆ. ಆಗ ಪೆನ್ನು ಎಲ್ಲಿದೆಯೋ ಅದನ್ನೇ ಸೊನ್ನೆ ಎಂದುಕೊಳ್ಳುತ್ತದೆ. ಅಂಚು ಮುಟ್ಟಿದ್ದನ್ನು ತಿಳಿಸುವ ಮಿತಿ ಸ್ವಿಚ್ಚುಗಳಿಲ್ಲದ ಯಂತ್ರಕ್ಕೆ ತಾನೆಲ್ಲಿದ್ದೇನೆ ಎಂದು ತಿಳಿಯುವ ಬೇರೆ ದಾರಿಯೇ ಇಲ್ಲ. ಆದ್ದರಿಂದ ಪೆನ್ನನ್ನು ಕಾಗದದ ಮೂಲೆಗೆ ತಂದಿಟ್ಟ ಮೇಲೆಯೇ ಸಂಪರ್ಕ ಕೊಡುವುದು ಒಳ್ಳೆಯ ಅಭ್ಯಾಸ.

ಇನ್ನು ಇಬ್ಬರ ನಡುವಿನ ಮಾತುಕತೆ. ಕಂಪ್ಯೂಟರ್ ಎಷ್ಟು ವೇಗವಾಗಿ ಬೇಕಾದರೂ ಹೇಳಬಲ್ಲದು, ಪೆನ್ನು ಅಷ್ಟು ವೇಗವಾಗಿ ಎಳೆಯಲಾರದು. 115200 ಬಾಡ್ ಎಂದರೆ ಸೆಕೆಂಡಿಗೆ 11520 ಅಕ್ಷರ. ಗರ್ಬಲ್ ಹೊಸ ಆದೇಶಗಳನ್ನು ಕೂಡಿಟ್ಟುಕೊಳ್ಳುವ ಜಾಗ ಬರೀ 128 ಬೈಟ್. ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಅದು ತುಂಬಿಹೋಗುತ್ತದೆ. ಅದಕ್ಕೇ ಪ್ರತಿ ಸಾಲಿಗೂ ಗರ್ಬಲ್ ‘ಓಕೆ’ ಎಂದು ಉತ್ತರಿಸುತ್ತದೆ, ಕಳಿಸುವ ತಂತ್ರಾಂಶ ಆ ಉತ್ತರಗಳನ್ನು ಎಣಿಸಿ ಮುಂದಿನ ಸಾಲು ಕಳಿಸುತ್ತದೆ.

1983ರ ಎಚ್‌ಪಿ 7475ಎ ಪ್ಲಾಟರನ್ನು ಇಂದಿನ ಲ್ಯಾಪ್‌ಟಾಪಿಗೆ ಜೋಡಿಸುವವರಿಗೂ ಕಾಡುವುದು ಇದೇ ವಿಷಯ. ಆರು ಪೆನ್ನುಗಳ, ಎ3 ಹಾಳೆಯವರೆಗೆ ಬರೆಯಬಲ್ಲ ಆ ಯಂತ್ರ ಇಂದಿಗೂ ಬೇಡಿಕೆಯಲ್ಲಿದೆ. ಬೆನ್ನ ಹಿಂದಿನ ಪುಟ್ಟ ಸ್ವಿಚ್ಚುಗಳಲ್ಲಿ ಬಾಡ್ ವೇಗವನ್ನೂ ಹಾಳೆಯ ಅಳತೆಯನ್ನೂ ಹೊಂದಿಸಬೇಕು. ಆದೇಶ ಕೂಡಿಟ್ಟುಕೊಳ್ಳುವ ಅದರ ಜಾಗ, ಅಂದರೆ ಬಫರ್, 1024 ಬೈಟ್. 9600 ಬಾಡ್‌ನಲ್ಲಿ ಒಂದೇ ಸೆಕೆಂಡಿನ ಚಿಲ್ಲರೆಯಲ್ಲಿ ಅದು ತುಂಬುತ್ತದೆ. ಬಫರ್ ತುಂಬುತ್ತಾ ಬಂದಾಗ ಪ್ಲಾಟರ್ ತನ್ನ ಡಿಟಿಆರ್ ತಂತಿಯ ಮೂಲಕ ‘ತಡೆ’ ಎನ್ನುತ್ತದೆ. ಮೂರೇ ತಂತಿಗಳ ಕೇಬಲ್ ಹಾಕಿದ್ದರೆ ಆ ಮಾತು ಕಂಪ್ಯೂಟರಿಗೆ ತಲುಪುವುದೇ ಇಲ್ಲ. ಆಗ ನಡುವೆ ಕೆಲವು ಅಕ್ಷರಗಳು ಬಿದ್ದುಹೋಗುತ್ತವೆ. 5200 ಎಂಬ ಸಂಖ್ಯೆಯಿಂದ ಒಂದು ಸೊನ್ನೆ ಕಳೆದುಹೋಗಿ 520 ಆಯಿತೆನ್ನಿ. ಆ ಯಂತ್ರದಲ್ಲಿ ಮಿಲಿಮೀಟರಿಗೆ ಸುಮಾರು 40 ಘಟಕ. ಪೆನ್ನು ಹನ್ನೆರಡು ಸೆಂಟಿಮೀಟರ್‌ನಷ್ಟು ಅಡ್ಡಾದಿಡ್ಡಿ ಗೆರೆ ಎಳೆದು ಹಾಳೆಯನ್ನೇ ಕೆಡಿಸುತ್ತದೆ. ಚಿತ್ರದ ಆರಂಭವೆಲ್ಲ ಚೆನ್ನಾಗಿ ಬಂದು ಸ್ವಲ್ಪ ಹೊತ್ತಿನ ಮೇಲೆ ಇಂಥ ಗೆರೆ ಕಂಡರೆ ಮೋಟಾರನ್ನು ದೂರುವ ಮೊದಲು ಕೇಬಲನ್ನು ನೋಡಬೇಕು.

ಈಗ ಅಳತೆ. ಸಾಮಾನ್ಯ ಸ್ಟೆಪ್ಪರ್ ಮೋಟಾರು ಒಂದು ಹೆಜ್ಜೆಗೆ 1.8 ಡಿಗ್ರಿ ತಿರುಗುತ್ತದೆ, ಸುತ್ತಿಗೆ 200 ಹೆಜ್ಜೆ. ಚಾಲಕ ಚಿಪ್ಪು ಪ್ರತಿ ಹೆಜ್ಜೆಯನ್ನು 16 ಪಾಲು ಮಾಡಿದರೆ 3200. ಗಾಲಿಗೆ 20 ಹಲ್ಲು, ಬೆಲ್ಟಿನ ಹಲ್ಲುಗಳ ನಡುವೆ 2 ಮಿಲಿಮೀಟರ್. ಹಾಗಾಗಿ ಒಂದು ಸುತ್ತಿಗೆ ಬೆಲ್ಟು 40 ಮಿಲಿಮೀಟರ್ ಸಾಗುತ್ತದೆ. 3200ನ್ನು 40ರಿಂದ ಭಾಗಿಸಿದರೆ ಮಿಲಿಮೀಟರಿಗೆ 80 ಹೆಜ್ಜೆ. ಗರ್ಬಲ್‌ನ ಪಟ್ಟಿಯಲ್ಲಿ $100 ಮತ್ತು $101 ಎಂಬ ಎರಡು ಸ್ಥಾನಗಳಲ್ಲಿ ಈ 80ನ್ನು ಬರೆಯಬೇಕು. ಅಲ್ಲಿ ಮೊದಲೇ ಇರುವ 250ನ್ನು ಹಾಗೆಯೇ ಬಿಟ್ಟರೆ ಹತ್ತು ಸೆಂಟಿಮೀಟರಿನ ಗೆರೆ ಮೂವತ್ತೊಂದು ಸೆಂಟಿಮೀಟರ್ ದಾಟಿ ಹೋಗಲು ನೋಡುತ್ತದೆ.

ಅಂಕಿ ಹಾಕಿದ ಮೇಲೆ 200 ಮಿಲಿಮೀಟರ್ ಗೆರೆಯೊಂದನ್ನು ಎಳೆಸಿ ಉಕ್ಕಿನ ಸ್ಕೇಲಿನಲ್ಲಿ ಅಳೆಯಿರಿ. 198.5 ಬಂತೆನ್ನಿ. 80ನ್ನು 200ರಿಂದ ಗುಣಿಸಿ 198.5ರಿಂದ ಭಾಗಿಸಿ 80.6 ಎಂದು ತಿದ್ದಿ ಎಂದು ಅನೇಕರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಹಲ್ಲುಗಳ ಲೆಕ್ಕ ತಪ್ಪುವಂಥದ್ದಲ್ಲ. ಒಂದೂವರೆ ಮಿಲಿಮೀಟರ್ ಕಳೆದುಹೋಗಿದೆ ಎಂದರೆ ಬೆಲ್ಟು ಸಡಿಲವಾಗಿರಬಹುದು, ಗಾಲಿಯ ಸ್ಕ್ರೂ ಬಿಗಿಯಾಗಿರದೆ ಇರಬಹುದು, ಹಿಡಿಕೆಯೊಳಗೆ ಪೆನ್ನು ಅಲುಗಾಡುತ್ತಿರಬಹುದು. ಪತ್ತೆ ಮಾಡಲು ಒಂದು ಸುಲಭ ಪರೀಕ್ಷೆ ಇದೆ. ಪೆನ್ನನ್ನು ಎತ್ತಿಕೊಂಡೇ ಹತ್ತು ಮಿಲಿಮೀಟರ್ ಸಾಗಿ, ಅದೇ ದಿಕ್ಕಿನಲ್ಲಿ ಗೆರೆ ಆರಂಭವಾಗುವಂತೆ ಮಾಡಿ. ಈಗ 200 ಸರಿಯಾಗಿ ಬಂದರೆ ದೋಷ ಸಡಿಲಿನದ್ದು, ಅಂಕಿಯದ್ದಲ್ಲ. ಸಡಿಲನ್ನು ಅಂಕಿಯಿಂದ ಮುಚ್ಚಿದರೆ ಉದ್ದ ಗೆರೆ ಸರಿಹೋದಂತೆ ಕಂಡು ಚಿಕ್ಕ ವೃತ್ತಗಳು ಮೊಟ್ಟೆಯಾಗುತ್ತವೆ.

ಮೋಟಾರಿಗೆ ಹೋಗುವ ವಿದ್ಯುತ್ತನ್ನು ಚಾಲಕ ಚಿಪ್ಪಿನ ಪಕ್ಕದ ಪುಟ್ಟ ತಿರುಪಿನಿಂದ ಹೊಂದಿಸಬೇಕು. ಅಲ್ಲಿನ ರೆಸಿಸ್ಟರ್ 0.1 ಓಮ್ ಆಗಿದ್ದರೆ ತಿರುಪಿನ ಮೇಲೆ ಅಳೆದ 0.4 ವೋಲ್ಟ್ ಎಂದರೆ ಅರ್ಧ ಆಂಪಿಯರ್. ಪೆನ್ನೊಂದನ್ನು ಓಡಾಡಿಸಲು ಸಾಮಾನ್ಯವಾಗಿ ಅಷ್ಟು ಸಾಕು. ವಿದ್ಯುತ್ ಹರಿಯುತ್ತಿರುವಾಗ ಮಾತ್ರ ಮೋಟಾರಿನ ತಂತಿಯನ್ನು ಕಳಚಬೇಡಿ, ಚಿಪ್ಪು ಸುಟ್ಟುಹೋಗುತ್ತದೆ.

ವೇಗೋತ್ಕರ್ಷದ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ಗರ್ಬಲ್‌ನಲ್ಲಿ ವೇಗೋತ್ಕರ್ಷದ ಸ್ಥಾನವಾದ $120ರಲ್ಲಿ ಮೊದಲೇ ಇರುವ ಅಂಕಿ ಸೆಕೆಂಡ್ ವರ್ಗಕ್ಕೆ 10 ಮಿಲಿಮೀಟರ್. ಸೆಕೆಂಡಿಗೆ 50 ಮಿಲಿಮೀಟರ್ ವೇಗ ಬೇಕೆಂದರೆ, ವೇಗದ ವರ್ಗವನ್ನು ವೇಗೋತ್ಕರ್ಷದ ಎರಡರಷ್ಟರಿಂದ ಭಾಗಿಸುವ ಶಾಲೆಯ ಸೂತ್ರದ ಪ್ರಕಾರ, ಆ ವೇಗ ಮುಟ್ಟಲು 125 ಮಿಲಿಮೀಟರ್ ದೂರ ಓಡಬೇಕು! ಚಿತ್ರದ ಗೆರೆಗಳಿರುವುದೇ ಐದು–ಹತ್ತು ಮಿಲಿಮೀಟರ್. ಹಾಗಾಗಿ ಗರಿಷ್ಠ ವೇಗವನ್ನು ಎಷ್ಟು ಹೆಚ್ಚಿಸಿದರೂ ಯಂತ್ರ ತೆವಳುತ್ತಲೇ ಇರುತ್ತದೆ. ವೇಗೋತ್ಕರ್ಷವನ್ನು 500ಕ್ಕೆ ಏರಿಸಿದರೆ ಎರಡೂವರೆ ಮಿಲಿಮೀಟರಿನಲ್ಲೇ ವೇಗ ಸಿಗುತ್ತದೆ. ಮಿತಿಮೀರಿ ಏರಿಸಿದರೆ ಮೋಟಾರಿನ ಬಲ ಸಾಲದೆ ಹೆಜ್ಜೆ ತಪ್ಪುತ್ತದೆ. ತಪ್ಪಿದ್ದು ಗರ್ಬಲ್‌ಗೆ ಗೊತ್ತಾಗುವುದಿಲ್ಲ. ಅಲ್ಲಿಂದ ಮುಂದಿನ ಚಿತ್ರವೆಲ್ಲ ಪಕ್ಕಕ್ಕೆ ಸರಿದುಬಿಡುತ್ತದೆ.

ಪೆನ್ನನ್ನು ಎತ್ತುವ ಸರ್ವೊ ಮೋಟಾರಿಗೆ ಸೆಕೆಂಡಿಗೆ ಸುಮಾರು 50 ಮಿಡಿತಗಳು ಬೇಕು. ಮೂಲ ಗರ್ಬಲ್ ಸಾವಿರದ ಹತ್ತಿರ ಕೊಡುತ್ತದೆ, ಆದ್ದರಿಂದ ಸರ್ವೊಗೆಂದೇ ತಿದ್ದಿದ ಆವೃತ್ತಿಯನ್ನು ಹಾಕಿಕೊಳ್ಳಬೇಕು. ಪೆನ್ನು ಇಳಿಯಲು ಸೆಕೆಂಡಿನ ಹತ್ತನೇ ಒಂದು ಭಾಗಕ್ಕೂ ಹೆಚ್ಚು ಹೊತ್ತು ಹಿಡಿಯುತ್ತದೆ. ಅಷ್ಟು ಕಾಯದೆ ಹೊರಟರೆ ಗೆರೆಯ ಆರಂಭವೇ ಕಾಗದಕ್ಕೆ ಬೀಳುವುದಿಲ್ಲ. ಎತ್ತಿದ ಮೇಲೆ ಕಾಯದಿದ್ದರೆ ಬಾಲವೊಂದು ಉಳಿಯುತ್ತದೆ. ಪ್ರತಿ ಸಲ 0.15 ಸೆಕೆಂಡ್ ತಡೆಯುವಂತೆ ಹೇಳಿದರೆ ಸಾಕು. ಹಾಗೆಯೇ ಗರ್ಬಲ್ ಪಟ್ಟಿಯ $1ನ್ನು 255ಕ್ಕೆ ಇಟ್ಟರೆ ನಿಂತಾಗಲೂ ಮೋಟಾರುಗಳು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಬಣ್ಣ ಬದಲಿಸಲು ಪೆನ್ನು ತೆಗೆಯುವಾಗ ಸ್ಥಾನ ಕದಲುವುದಿಲ್ಲ.

ಸಾವಿರ ಬಾರಿ ಪೆನ್ನು ಎತ್ತಿಳಿಸಿದರೆ ಕಾಯುವುದರಲ್ಲೇ ಐದು ನಿಮಿಷ ಹೋಯಿತು. ಎತ್ತುವುದನ್ನು ಕಡಿಮೆ ಮಾಡುವುದು ಹೇಗೆ ಎಂಬ ಪ್ರಶ್ನೆಗೆ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ 1736ರಲ್ಲೇ ಉತ್ತರದ ಬುನಾದಿ ಹಾಕಿದ್ದ. ಒಂದಕ್ಕೊಂದು ತಗುಲಿಕೊಂಡಿರುವ ಗೆರೆಗಳ ಚಿತ್ರದಲ್ಲಿ ಬೆಸಸಂಖ್ಯೆಯ ಗೆರೆಗಳು ಕೂಡುವ ಬಿಂದುಗಳು ಎಷ್ಟಿವೆ ಎಣಿಸಿ. ಸೊನ್ನೆಯೋ ಎರಡೋ ಇದ್ದರೆ ಕೈಯೆತ್ತದೆ ಬರೆಯಬಹುದು. ಹೆಚ್ಚಿದ್ದರೆ ಅದರ ಅರ್ಧದಷ್ಟು ಎಳೆತಗಳು ಬೇಕು. ಚುಕ್ಕಿಗಳನ್ನು ಸುತ್ತಿ ಬಳಸಿ ಸಾಗುವ ಎಳೆ ರಂಗೋಲಿಯನ್ನು ಈ ಕಣ್ಣಿನಿಂದ ನೋಡಿ: ಎಳೆಗಳು ಎಲ್ಲೆಲ್ಲಿ ದಾಟುತ್ತವೆಯೋ ಅಲ್ಲೆಲ್ಲ ನಾಲ್ಕೇ ಕವಲು. ಒಂದಕ್ಕೊಂದು ತಗುಲಿಕೊಂಡ ಅಂಥ ರಂಗೋಲಿಯನ್ನು ಪ್ಲಾಟರ್ ಒಮ್ಮೆಯೂ ಪೆನ್ನೆತ್ತದೆ ಮುಗಿಸಬಲ್ಲದು.

ಅದೇ ಹತ್ತು ಸಾಲು, ಹತ್ತು ಕಂಬದ ಚೌಕಗಳ ಜಾಲವನ್ನು ನೋಡಿ. ಚಿತ್ರದ ಫೈಲಿನಲ್ಲಿ ನೂರು ಬೇರೆ ಬೇರೆ ಚೌಕಗಳೆಂದು ಬರೆದಿದ್ದರೆ ಪೆನ್ನು ನೂರು ಸಲ ಏರಿಳಿಯುತ್ತದೆ, ಒಳಗಿನ ಪ್ರತಿ ಗೆರೆಯ ಮೇಲೂ ಎರಡು ಸಲ ಹೋಗಿ ಕಾಗದವನ್ನು ಕೆರೆಯುತ್ತದೆ. ಉದ್ದಕ್ಕೆ ಹನ್ನೊಂದು, ಅಡ್ಡಕ್ಕೆ ಹನ್ನೊಂದು ಗೆರೆ ಎಂದುಕೊಂಡರೆ 22 ಎಳೆತ. ಅಂಚಿನಲ್ಲಿ ಮೂರು ಕವಲಿನ ಬಿಂದುಗಳು 36 ಇವೆ. ಆಯ್ಲರನ ಲೆಕ್ಕದಂತೆ 18 ಎಳೆತಗಳಲ್ಲೇ ಮುಗಿಸಬಹುದು. ವಿಪೈಪ್ ಎಂಬ ಮುಕ್ತ ತಂತ್ರಾಂಶ ತುದಿ ತಗುಲುವ ಗೆರೆಗಳನ್ನು ಕೂಡಿಸಿ, ಹತ್ತಿರದ್ದು ಮೊದಲು ಬರುವಂತೆ ಅನುಕ್ರಮ ಬದಲಿಸಿ ಕೊಡುತ್ತದೆ. ಪೆನ್ನು ಎತ್ತಿಕೊಂಡು ಸುಮ್ಮನೆ ಅಲೆಯುವ ದೂರ ಎಷ್ಟು ಇಳಿಯಿತೆಂದು ಅದು ತೋರಿಸುವ ಅಂಕಿ ನೋಡುವುದೇ ಒಂದು ಸಂತೋಷ.

ಬಾಗಿದ ಗೆರೆಗಳಿಗೂ ಲೆಕ್ಕ ಬೇಕು. ಇಂಕ್‌ಸ್ಕೇಪ್‌ನಂಥ ಚಿತ್ರ ಬರೆಯುವ ತಂತ್ರಾಂಶದ ಬಾಗುಗಳು ಪ್ಲಾಟರಿಗೆ ಸಾಮಾನ್ಯವಾಗಿ ಸಣ್ಣ ನೇರ ಗೆರೆಗಳಾಗಿ ಹೋಗುತ್ತವೆ. ಹತ್ತು ಮಿಲಿಮೀಟರ್ ಅಗಲದ ಒಂದು ಅನುಸ್ವಾರವನ್ನು ತೆಗೆದುಕೊಳ್ಳಿ. ಮಿಲಿಮೀಟರಿನ ಹತ್ತನೇ ಒಂದರಷ್ಟು ತುಂಡು ಮಾಡಿದರೆ 314 ಸಾಲು ಜಿ-ಕೋಡ್ ಆಗುತ್ತದೆ. ಸಾಲಿಗೆ ಇಪ್ಪತ್ತೆರಡು ಅಕ್ಷರ ಹಿಡಿದರೆ ಕೇಬಲಿನಲ್ಲಿ ಸೆಕೆಂಡಿಗೆ ಸುಮಾರು 520 ಸಾಲು ಮಾತ್ರ ಸಾಗುವುದರಿಂದ, ಪೆನ್ನು ಸೆಕೆಂಡಿಗೆ 52 ಮಿಲಿಮೀಟರಿಗಿಂತ ವೇಗವಾಗಿ ಹೋಗಲಾರದು. ಹೋಗಹೊರಟರೆ ಮುಗ್ಗರಿಸುತ್ತಾ ಸಾಗುತ್ತದೆ. ಅದೇ ಸೊನ್ನೆಯನ್ನು ಬರೀ 22 ನೇರ ಗೆರೆಗಳಲ್ಲಿ ಬರೆದರೂ ನಿಜವಾದ ವೃತ್ತದಿಂದ ಹೆಚ್ಚೆಂದರೆ 0.05 ಮಿಲಿಮೀಟರ್ ದೂರ ಸರಿಯುತ್ತದೆ. ಜೆಲ್ ಪೆನ್ನಿನ ಗೆರೆಯೇ ಅದರ ಹಲವು ಪಟ್ಟು ದಪ್ಪ. ದುಂಡಗಿನ ಕನ್ನಡ ಅಕ್ಷರಗಳನ್ನು ಬರೆಸುವವರು ಈ ಸೆಟ್ಟಿಂಗನ್ನು ಮೊದಲು ನೋಡಬೇಕು.

ಕನ್ನಡ ಬರೆಸಲು ಇನ್ನೂ ಒಂದು ಕೆಲಸವಿದೆ. ಸಾಮಾನ್ಯ ಫಾಂಟಿನಲ್ಲಿ ಅಕ್ಷರವೆಂದರೆ ಅದರ ಹೊರಗೆರೆ. ಪ್ಲಾಟರ್ ಅದನ್ನೇ ಎಳೆದು ಟೊಳ್ಳು ಅಕ್ಷರ ಬರೆಯುತ್ತದೆ. ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿದ್ದ ಆಲನ್ ಹರ್ಷಿ 1967ರಲ್ಲಿ ಒಂಟಿಗೆರೆಯ ಅಕ್ಷರಗಳನ್ನು ರೂಪಿಸಿ ಈ ಸಮಸ್ಯೆ ಬಿಡಿಸಿದ. ಇಂಕ್‌ಸ್ಕೇಪ್‌ನಲ್ಲಿ ಅವು ಇಂದಿಗೂ ಸಿಗುತ್ತವೆ. ಲ್ಯಾಟಿನ್, ಗ್ರೀಕ್, ರಷ್ಯನ್, ಜಪಾನಿ ಲಿಪಿಗಳಿವೆ, ಕನ್ನಡವಿಲ್ಲ. ನಮ್ಮ ಮುಂದೆ ಮೂರು ದಾರಿಗಳಿವೆ. ಹೊರಗೆರೆಯೊಳಗೆ ಒತ್ತಾಗಿ ಓರೆಗೆರೆ ತುಂಬುವುದು ಒಂದು, 0.5 ಮಿಲಿಮೀಟರ್ ಪೆನ್ನಿಗೆ 0.4ರ ಅಂತರವಿಟ್ಟರೆ ಬಿಳಿ ಬಿಡುವುದಿಲ್ಲ. ಅಕ್ಷರವನ್ನು ದೊಡ್ಡ ಬಿಂಬವಾಗಿಸಿ, ಇಂಕ್‌ಸ್ಕೇಪ್‌ನ ನಡುಗೆರೆ ಹುಡುಕುವ ಸೌಲಭ್ಯದಿಂದ ಬೆನ್ನೆಲುಬನ್ನು ಹೊರತೆಗೆಯುವುದು ಇನ್ನೊಂದು. ಒತ್ತಕ್ಷರ ಸೇರುವ ಕಡೆ ಅದು ಕೊಂಡಿ ತಪ್ಪಿ ಸಣ್ಣ ಕವಲುಗಳನ್ನು ಬಿಡುವುದರಿಂದ ಕೈಯಿಂದ ತಿದ್ದಬೇಕಾಗುತ್ತದೆ. ಮೂರನೆಯದು ನನಗೆ ಪ್ರಿಯವಾದದ್ದು: ಒಳ್ಳೆಯ ಫಾಂಟನ್ನು ಕೆಳಪದರದಲ್ಲಿ ಮಸುಕಾಗಿ ಇಟ್ಟು, ಕೈಬರಹದಲ್ಲಿ ಅಕ್ಷರ ಎಲ್ಲಿಂದ ಶುರುವಾಗಿ ಎಲ್ಲಿ ಮುಗಿಯುತ್ತದೆಯೋ ಅದೇ ಅನುಕ್ರಮದಲ್ಲಿ ಮೇಲೊಂದು ಗೆರೆ ಎಳೆದುಕೊಳ್ಳುವುದು. ಮೂಲಾಕ್ಷರ, ಗುಣಿತ ಚಿಹ್ನೆ ಮತ್ತು ಒತ್ತುಗಳನ್ನು ಬೇರೆ ಬೇರೆಯಾಗಿ ಉಳಿಸಿಕೊಂಡರೆ ಮುಂದಿನ ಪದಕ್ಕೆ ಅವನ್ನೇ ಮತ್ತೆ ಜೋಡಿಸಬಹುದು.