ನ್ಯಾರೋ ಗೇಜ್: ಯಾವುದಕ್ಕಿಂತ ನ್ಯಾರೋ?

ಊಟಿ ರೈಲಿನ ಕಿಟಕಿಯಿಂದ ಮೊಬೈಲ್ ಹೊರಚಾಚಿ ತೆಗೆದ ಮತ್ತೊಂದು ವಿಡಿಯೋ, ಅದರ ಕೆಳಗೆ ಮತ್ತದೇ ಸಾಲು: ‘ನೂರು ವರ್ಷ ದಾಟಿದ ನ್ಯಾರೋ ಗೇಜ್ ರೈಲು’. ಈ ವಾರ ನನ್ನ ಕಣ್ಣಿಗೆ ಬಿದ್ದದ್ದು ಇದು ಮೂರನೆಯದು. ಮೇಟ್ಟುಪಾಳ್ಯಂನಿಂದ ಉದಕಮಂಡಲದವರೆಗೆ ಆ ರೈಲು ಓಡುವುದು 1,000 ಮಿ.ಮೀ. ಹಳಿಯ ಮೇಲೆ. ಅದು ಮೀಟರ್ ಗೇಜ್. ಇಂಜಿನ್ ಪುಟ್ಟದು, ಡಬ್ಬಿಗಳು ಪುಟ್ಟವು, ಹಳಿಗಳ ನಡುವೆ ಹಲ್ಲಿನ ಪಟ್ಟಿಯಿದೆ, ಆಮೆಗತಿ, ಎಲ್ಲ ನಿಜ. ಆದರೆ ಗೇಜ್ ಎಂದರೆ ಎರಡು ಹಳಿಗಳ ನಡುವಿನ ಅಂತರ, ಮುದ್ದಿನ ಅಳತೆಯಲ್ಲ.

‘ನಮ್ಮ ಕಾಲದಲ್ಲಿ ಮೈಸೂರಿಗೆ ನ್ಯಾರೋ ಗೇಜ್ ಇತ್ತು’ ಎನ್ನುವ ಹಿರಿಯರು ಇನ್ನೊಂದು ಬಗೆ. ಇರಲಿಲ್ಲ. 1881–82ರಲ್ಲಿ ಬೆಂಗಳೂರಿನಿಂದ ಮದ್ದೂರಿಗೆ, ಅಲ್ಲಿಂದ ಮೈಸೂರಿಗೆ ಹಾಕಿದ್ದು ಮೀಟರ್ ಗೇಜ್. 1990ರ ದಶಕದಲ್ಲಿ ಅದನ್ನು ಕಿತ್ತು ಬ್ರಾಡ್ ಗೇಜ್ ಮಾಡುವವರೆಗೆ ಅದೇ ಇತ್ತು. 1979ರಲ್ಲಿ ಹಾಸನದಿಂದ ಮಂಗಳೂರಿಗೆ ಘಾಟಿ ಇಳಿದದ್ದೂ ಮೀಟರ್ ಗೇಜೇ. ದೊಡ್ಡದು ಬಂದ ಮೇಲೆ ಮೊದಲಿದ್ದದ್ದೆಲ್ಲ ನೆನಪಿನಲ್ಲಿ ‘ನ್ಯಾರೋ’ ಆಗಿಬಿಟ್ಟಿದೆ. ತಪ್ಪು ತಪ್ಪೇ, ಆದರೆ ಒಂದು ಮಾತು ಒಪ್ಪಬೇಕು: ಈ ಪದ ಹುಟ್ಟಿದ್ದೇ ಹಾಗೆ. ಪಕ್ಕದಲ್ಲಿ ಒಂದು ದೊಡ್ಡದಿದ್ದಾಗ ಮಾತ್ರ ಇನ್ನೊಂದು ನ್ಯಾರೋ.

‘ಗೇಜ್’ ಮೂಲದಲ್ಲಿ ಫ್ರಾನ್ಸಿನ ಉತ್ತರ ಭಾಗದಿಂದ ಇಂಗ್ಲಿಷಿಗೆ ಹೋದ ಮಾತು, ಅಳತೆಗೋಲು ಎಂಬ ಅರ್ಥದ್ದು. ಮದ್ಯದ ಪೀಪಾಯಿಯಲ್ಲಿ ಎಷ್ಟಿದೆ ಎಂದು ಕೋಲು ಹಾಕಿ ನೋಡುವ ಸುಂಕದವನಿಗೆ ಇಂಗ್ಲೆಂಡಿನಲ್ಲಿ ‘ಗೇಜರ್’ ಎನ್ನುತ್ತಿದ್ದರು. ರೈಲಿನಲ್ಲಿ ಆ ಕೋಲು ಎರಡು ಹಳಿಗಳ ಒಳಮೈಗಳ ನಡುವೆ ಬೀಳುತ್ತದೆ, ಅಷ್ಟೆ. ಡಬ್ಬಿಯ ಅಗಲಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ. ನಮ್ಮ ಮೀಟರ್ ಗೇಜ್ ಡಬ್ಬಿಗಳು ಸುಮಾರು 9 ಅಡಿ ಅಗಲ, ತಮ್ಮ ಹಳಿಯ ಎರಡೂವರೆ ಪಟ್ಟಿಗೂ ಹೆಚ್ಚು. ಹಾಗಾಗಿ ‘ಒಳಗೆ ಇಕ್ಕಟ್ಟಾಗಿತ್ತು, ನ್ಯಾರೋ ಗೇಜೇ ಇರಬೇಕು’ ಎಂಬ ವಾದ ನಿಲ್ಲುವುದಿಲ್ಲ.

ಇನ್ನು ‘ನ್ಯಾರೋ’. 1840ರ ದಶಕದ ಇಂಗ್ಲೆಂಡಿನಲ್ಲಿ ಈ ಮಾತು ಆಡಿದರೆ ಎಲ್ಲರಿಗೂ ಹೊಳೆಯುತ್ತಿದ್ದದ್ದು 4 ಅಡಿ 8½ ಅಂಗುಲದ ಹಳಿ. ಈಗ ಜಗತ್ತು ಸ್ಟ್ಯಾಂಡರ್ಡ್ ಗೇಜ್ ಎಂದು ಕರೆಯುವುದು ಇದನ್ನೇ. ಇಂಜಿನಿಯರ್ ಬ್ರೂನೆಲ್ ತನ್ನ ಗ್ರೇಟ್ ವೆಸ್ಟರ್ನ್ ರೈಲಿಗೆ 7 ಅಡಿ ಕಾಲು ಅಂಗುಲ ಅಗಲ ಹಾಕಿದ್ದ. ಅದು ಬ್ರಾಡ್, ಉಳಿದದ್ದು ನ್ಯಾರೋ. ಎರಡೂ ಗ್ಲೌಸ್ಟರ್‌ನಲ್ಲಿ ಸಂಧಿಸಿ, ಪ್ರಯಾಣಿಕರು ಗಂಟು ಮೂಟೆ ಸಮೇತ ಒಂದರಿಂದ ಇಳಿದು ಇನ್ನೊಂದಕ್ಕೆ ಓಡುವಂತಾಗಿ, ಜಗಳ ಪಾರ್ಲಿಮೆಂಟಿಗೆ ಹೋಗಿ, 1846ರ ಕಾನೂನು ನ್ಯಾರೋ ಪಕ್ಷಕ್ಕೆ ಗೆಲುವು ಕೊಟ್ಟಿತು. ಆ ಲೆಕ್ಕದಲ್ಲಿ ನಮ್ಮ ಮೆಟ್ರೋ ಕೂಡ ನ್ಯಾರೋ ಗೇಜೇ, ಅದರದ್ದೂ 1,435 ಮಿ.ಮೀ. ಅಷ್ಟೆ. ಯಾರಾದರೂ ಅದಕ್ಕೊಂದು ಭಾವುಕ ವಿಡಿಯೋ ಮಾಡಲಿ ನೋಡೋಣ.

ಭಾರತಕ್ಕೆ ಬಂದರೆ ಇದೇ ಆಟ ಇನ್ನೊಂದು ಮೆಟ್ಟಿಲು ಕೆಳಗೆ. ಗವರ್ನರ್ ಜನರಲ್ ಡಾಲ್‌ಹೌಸಿಯ ಕಾಲದಲ್ಲಿ 5 ಅಡಿ 6 ಅಂಗುಲ ನಿಗದಿಯಾಗಿತ್ತು. ಅದಕ್ಕೆ ತಗಲುವ ದುಡ್ಡು ನೋಡಿ ವೈಸರಾಯ್ ಲಾರ್ಡ್ ಮೇಯೋ 1870ರ ಹೊತ್ತಿಗೆ ಅಗ್ಗದ ಹಳಿ ಹುಡುಕಿ 3 ಅಡಿ 3 ಅಂಗುಲಕ್ಕೆ ಬಂದು ನಿಂತ. ಮೆಟ್ರಿಕ್ ಅಳತೆ ತರುವ ಮಾತು ಆಗ ನಡೆದಿತ್ತು, ಆದ್ದರಿಂದ ಸ್ವಲ್ಪ ಎಳೆದು ಒಂದು ಮೀಟರ್ ಮಾಡಿದರು. ಮೆಟ್ರಿಕ್ ಬರಲಿಲ್ಲ. ಬಟ್ಟೆ ಅಂಗಡಿಯಲ್ಲಿ ಗಜ ಹೋಗಿ ಮೀಟರ್ ಬರಲು 1956ರ ಕಾಯ್ದೆಯೇ ಬೇಕಾಯಿತು. ಹಳಿಯಲ್ಲಿ ಮಾತ್ರ ಅದು ಎಂಟು ದಶಕ ಮುಂಚೆಯೇ ಬಂದು ಕೂತಿತ್ತು. ಆಗಿನ ವಾದ ವಿವಾದಗಳಲ್ಲಿ ಈ ಮೀಟರ್ ಹಳಿಯ ಹೆಸರು ‘ನ್ಯಾರೋ ಗೇಜ್’ ಎಂದೇ. ಮೈಸೂರಿನ ಹಿರಿಯರು 1875ರಲ್ಲಿ ಮಾತಾಡಿದ್ದರೆ ಸರಿಯಾಗಿರುತ್ತಿತ್ತು!

ಹಾಗಾದರೆ ಈಗಿನ ಅರ್ಥ, ಎರಡು ಎರಡೂವರೆ ಅಡಿಯ ಪುಟ್ಟ ಹಳಿ ಎಂಬುದು, ಎಲ್ಲಿಂದ ಬಂತು? ಬಹುಪಾಲು ವೇಲ್ಸಿನ ಒಂದೇ ಒಂದು ಮಾರ್ಗದಿಂದ. ಅದರ ಹೆಸರು ಫೆಸ್ಟಿನಿಯೋಗ್. 1832ರ ಕಾಯ್ದೆಯಲ್ಲಿ ಈ ಹೆಸರನ್ನು ಒಂದೇ ಎಫ್ ಹಾಕಿ ಬರೆದಿದ್ದಾರೆ. ವೆಲ್ಷ್ ಭಾಷೆಯಲ್ಲಿ ಒಂದು ಎಫ್‌ಗೆ ‘ವ’ ಉಚ್ಚಾರ, ‘ಫ’ ಬೇಕಾದರೆ ಎರಡು ಎಫ್. ಹಾಗಾಗಿ ಆ ಕಾಯ್ದೆಯ ಪ್ರಕಾರ ಅದು ‘ವೆಸ್ಟಿನಿಯೋಗ್’. ಪದ ತಪ್ಪಾಗಿ ಬರೆಯುವ ಚಾಳಿ ಇಂದಿನದಲ್ಲ ಎನ್ನುವುದಕ್ಕೆ ಹೇಳಿದೆ.

ಬೆಟ್ಟದ ಮೇಲೆ ಸ್ಲೇಟು ಕಲ್ಲಿನ ಗಣಿ, ಕೆಳಗೆ ಪೋರ್ತ್‌ಮಡೋಗ್ ಬಂದರು, ನಡುವೆ 13½ ಮೈಲಿ. ಗಣಿಯ ತಳ್ಳುಬಂಡಿಗಳು ಮೊದಲಿಂದಲೂ ಸುಮಾರು 2 ಅಡಿಯ ಹಳಿಯವು. ಜೇಮ್ಸ್ ಸ್ಪೂನರ್ ಅದನ್ನೇ ಬಂದರಿನವರೆಗೆ ಎಳೆದ, 1 ಅಡಿ 11½ ಅಂಗುಲ. 1836ರಲ್ಲಿ ಮಾರ್ಗ ತೆರೆಯಿತು, ಇಂಜಿನ್ ಇಲ್ಲದೆ. ಅವನ ಜಾಣ್ಮೆ ಕಾಣುವುದು ಇಳಿಜಾರಿನಲ್ಲಿ. ಹೆಚ್ಚಿನ ಕಡೆ ಕಡಿದೂ ಆಗದಂತೆ, ಸಮತಟ್ಟೂ ಆಗದಂತೆ ಬೆಟ್ಟದ ಮೈ ಬಳಸಿ ಹಳಿಯನ್ನು ಇಳಿಸಿದ್ದ. ಕಲ್ಲು ತುಂಬಿದ ಬಂಡಿಗಳ ಸಾಲು ತನ್ನ ಭಾರಕ್ಕೆ ತಾನೇ ಉರುಳಿಕೊಂಡು ಬರುತ್ತಿತ್ತು, ಬ್ರೇಕ್ ಹಿಡಿಯಲು ಒಂದಿಬ್ಬರು ಸಾಕು. ಖಾಲಿ ಬಂಡಿಗಳನ್ನು ಮೇಲೆ ಎಳೆಯಲು ಕುದುರೆ ಬೇಕಲ್ಲ, ಆ ಕುದುರೆಗಳೂ ಅದೇ ಸಾಲಿನಲ್ಲಿ ತಮಗೆಂದೇ ಮಾಡಿದ ಬಂಡಿ ಹತ್ತಿ, ಹುಲ್ಲು ಮೇಯುತ್ತ ಕೆಳಗೆ ಬರುತ್ತಿದ್ದವು. ಇಳಿಯುವುದು ಒಂದೂವರೆ ಗಂಟೆಯ ಕೆಲಸ, ಹತ್ತುವುದು ಹತ್ತಿರ ಹತ್ತಿರ ಆರು ಗಂಟೆಯದು.

ಆಗ ಯಾರೂ ಅದನ್ನು ನ್ಯಾರೋ ಗೇಜ್ ರೈಲ್ವೆ ಎನ್ನಲಿಲ್ಲ. ಗಣಿಯ ಟ್ರಾಮ್ ಹಾದಿ, ಮುಗಿಯಿತು. ಇಷ್ಟು ಕಿರಿದಾದ ಹಳಿಗೆ ಉಗಿ ಇಂಜಿನ್ ಕೂರದು ಎಂಬುದು ಬಲ್ಲವರ ನಂಬಿಕೆ. 1863ರಲ್ಲಿ ಜೇಮ್ಸ್‌ನ ಮಗ ಚಾರ್ಲ್ಸ್ ಸ್ಪೂನರ್ ಅದನ್ನು ಕೂರಿಸಿ ತೋರಿಸಿದ. 1865ರಲ್ಲಿ ಪ್ರಯಾಣಿಕರೂ ಹತ್ತಿದರು. 1846ರ ಕಾನೂನು ಬೇರೆ ಗೇಜಿನಲ್ಲಿ ಹೊಸ ಪ್ರಯಾಣಿಕ ಮಾರ್ಗ ಕಟ್ಟುವುದನ್ನು ತಡೆದಿತ್ತು, ಆದರೆ ಇದು ಕಾನೂನಿಗಿಂತ ಹಳೆಯದು, ಪಾರಾಯಿತು. 1869ರಲ್ಲಿ ರಾಬರ್ಟ್ ಫೇರ್ಲಿಯ ‘ಲಿಟಲ್ ವಂಡರ್’ ಎಂಬ ಇಂಜಿನ್ ಬಂತು. ಎರಡೂ ತುದಿಯಲ್ಲಿ ಚಿಮಣಿ, ನಡುವೆ ಚಾಲಕ, ತಿರುವಿಗೆ ತಕ್ಕಂತೆ ತಿರುಗುವ ಎರಡು ಬೋಗಿ, ಅಂದರೆ ಚಕ್ರಗಳ ಚೌಕಟ್ಟು. (ನಾವು ಇಡೀ ಡಬ್ಬಿಗೇ ‘ಬೋಗಿ’ ಎನ್ನುತ್ತೇವೆ. ಆ ಜಗಳ ಇನ್ನೊಂದು ದಿನಕ್ಕೆ.) 1870ರ ಅದರ ಪರೀಕ್ಷೆಗಳನ್ನು ನೋಡಲು ರಷ್ಯಾದಿಂದಲೂ ತಂಡ ಬಂದಿತ್ತು. ಬೆಟ್ಟ, ಗಣಿ, ತೋಟ ಇರುವಲ್ಲೆಲ್ಲ ಅಗ್ಗದ ಸಣ್ಣ ಹಳಿ ಸಾಕು ಎಂಬ ಮಾತು ಹಬ್ಬಿದ್ದು, ‘ನ್ಯಾರೋ’ ಎಂಬ ಹೆಸರು ಕೆಳಗಿಳಿದು ಇಂಥವಕ್ಕೆ ಅಂಟಿಕೊಂಡದ್ದು ಆಮೇಲೆ.

ನಮ್ಮಲ್ಲಿ ಮೊದಲನೆಯದು ಎಂದೊಡನೆ ಡಾರ್ಜಿಲಿಂಗ್ ಹೆಸರು ಬರುತ್ತದೆ. ಅದೂ ಅಲ್ಲ. ಡಾರ್ಜಿಲಿಂಗಿನ 2 ಅಡಿ ಹಳಿ 1881ರದು. ಬರೋಡಾದ ಖಂಡೇರಾವ್ ಗಾಯಕವಾಡರು ದಭೋಯಿಯಿಂದ ಮಿಯಾಗಾಂವ್‌ಗೆ ಎರಡೂವರೆ ಅಡಿಯ ಹಳಿ ಹಾಕಿಸಿದ್ದು 1862ರಲ್ಲಿ. ಬಂಡಿ ಎಳೆದದ್ದು ಎತ್ತುಗಳು. ಮರುವರ್ಷ ನೀಲ್ಸನ್ ಕಂಪನಿಯ ಇಂಜಿನ್ ತಂದು ನೋಡಿದರು, ಸಪೂರ ಹಳಿಗೆ ಅದರ ಭಾರ ತಾಳಲಿಲ್ಲ, ಮತ್ತೆ ಎತ್ತುಗಳೇ. 1873ರಲ್ಲಿ ಗಟ್ಟಿ ಹಳಿ ಬಂತು. ಗುಡ್ಡವಿಲ್ಲ, ಮಂಜಿಲ್ಲ, ಹತ್ತಿ ಬೆಳೆಯುವ ಬಯಲು. ವಿಡಿಯೋಗೆ ಒದಗದ್ದರಿಂದಲೋ ಏನೋ, ಯಾರಿಗೂ ನೆನಪಿಲ್ಲ.

ಈಗ ರೈಲ್ವೆಯವರ ಪಟ್ಟಿ ಸರಳ: 1,676 ಮಿ.ಮೀ. ಬ್ರಾಡ್, 1,000 ಮಿ.ಮೀ. ಮೀಟರ್ ಗೇಜ್, 762 ಮತ್ತು 610 ಮಿ.ಮೀ. ನ್ಯಾರೋ. ಹೊರದೇಶದವರು 1,435ಕ್ಕಿಂತ ಕಡಿಮೆಯದನ್ನೆಲ್ಲ ನ್ಯಾರೋ ಎನ್ನುತ್ತಾರೆ, ಅವರ ಲೆಕ್ಕದಲ್ಲಿ ಊಟಿಯೂ ಸೇರುತ್ತದೆ ಎಂದು ಯಾರಾದರೂ ಹೇಳಬಹುದು. ಸರಿ, ಒಪ್ಪಿದೆ. ಆದರೆ ಅದೇ ಬಾಯಲ್ಲಿ ‘ಮೀಟರ್ ಗೇಜ್’ ಎಂಬ ಮಾತನ್ನೂ ಬೇರೆಯಾಗಿ ಬಳಸುತ್ತೀರಲ್ಲ, ಒಂದು ಪಟ್ಟಿ ಆರಿಸಿಕೊಳ್ಳಿ.

ಕನ್ನಡನಾಡಿನಲ್ಲಿ ನಿಜವಾದ ನ್ಯಾರೋ ಗೇಜ್ ಇರಲಿಲ್ಲವೇ ಎಂದರೆ ಇತ್ತು, ಅದನ್ನೇ ಮರೆತದ್ದು ಬೇಸರ. ತರೀಕೆರೆಯಿಂದ ನರಸಿಂಹರಾಜಪುರಕ್ಕೆ 2 ಅಡಿಯ ಹಳಿ ಇತ್ತು. ಬೌರಿಂಗ್‌ಪೇಟೆ, ಅಂದರೆ ಈಗಿನ ಬಂಗಾರಪೇಟೆಯಿಂದ ಕೋಲಾರಕ್ಕೆ 1913ರಲ್ಲಿ ಎರಡೂವರೆ ಅಡಿಯ ಹಳಿ ಬಂತು. ಯಲಹಂಕದಿಂದ ದೇವನಹಳ್ಳಿ ಮೇಲೆ ಚಿಕ್ಕಬಳ್ಳಾಪುರಕ್ಕೆ 1915ರಲ್ಲಿ ಅದೇ ಅಳತೆಯದು. ಕೋಲಾರ–ಚಿಕ್ಕಬಳ್ಳಾಪುರದ ನಡುವಿನ ಭಾಗ ಬ್ರಾಡ್ ಗೇಜ್ ಆಗಿ ಮುಗಿದದ್ದು 2013ರಲ್ಲಿ. ನಂದಿ ಹಾಲ್ಟ್‌ನಲ್ಲಿ ಇಳಿದು, ಆ ಹಳೆಯ ನಿಲ್ದಾಣದ ಮುಂದೆ ಮೊಬೈಲ್ ಹಿಡಿದು, ‘ಇಲ್ಲಿ ನ್ಯಾರೋ ಗೇಜ್ ರೈಲು ಬರುತ್ತಿತ್ತು’ ಎಂದು ಧಾರಾಳವಾಗಿ ಹೇಳಿ. ಊಟಿಯಲ್ಲಿ ಬೇಡ.