ಪದ ಪರಿಚಯ: ಪ್ಲಾಸ್ಮಾನ್ ಅನುರಣನ

ಮುರುಗಲು ಶರಬತ್ತಿಗೆ ಚಿಟಿಕೆ ಉಪ್ಪು ಹಾಕುವುದು ನಮ್ಮ ಕರಾವಳಿಯ ರೂಢಿ. ಉಪ್ಪು ಬಿದ್ದರೆ ರುಚಿ ಬದಲಾದೀತು, ಬಣ್ಣ ಕೆಂಪಾಗಿಯೇ ಉಳಿಯುತ್ತದೆ. ಹೆಚ್ಚುಕಡಿಮೆ ಅದೇ ಕೆಂಪಿನ ಇನ್ನೊಂದು ದ್ರವವಿದೆ. ಅದರಲ್ಲಿ ಸುಮಾರು 13 ನ್ಯಾನೋಮೀಟರ್ ಅಡ್ಡಗಲದ ಚಿನ್ನದ ಕಣಗಳು ನೀರಿನಲ್ಲಿ ತೇಲುತ್ತಿರುತ್ತವೆ. ಅದರ ಒಂದು ಮಿಲಿಲೀಟರಿಗೆ ಸಾಣಿಕಟ್ಟಾದ ಕಡಲುಪ್ಪಿನ 10% ದ್ರಾವಣವನ್ನು ಸೋಸಿ ಎರಡು ಹನಿ ಬಿಟ್ಟರೆ ಸಾಕು, ನೋಡನೋಡುತ್ತ ಕೆಂಪು ನೇರಳೆಯಾಗಿ ನೀಲಿಗೆ ತಿರುಗುತ್ತದೆ. ಮುರುಗಲಿನ ಕೆಂಪು ಆಂಥೋಸಯನಿನ್ ಎಂಬ ವರ್ಣದ್ರವ್ಯದ್ದು. ಚಿನ್ನದ ನೀರಿನಲ್ಲಿ ಅಂಥ ಯಾವ ಬಣ್ಣದ ವಸ್ತುವೂ ಇಲ್ಲ. ಉಪ್ಪು ಬಿದ್ದಾಗ ಬದಲಾದದ್ದು ಕಣಕಣದ ನಡುವಿನ ಅಂತರ ಮಾತ್ರ. ಈ ಬಣ್ಣದ ಮೂಲಕ್ಕೆ ಪ್ಲಾಸ್ಮಾನ್ ಅನುರಣನ ಎಂದು ಹೆಸರು.

ಅರೆ ತುಂಬಿದ ಕೊಡ ಹೊತ್ತು ನಡೆಯುವಾಗ ಹೆಜ್ಜೆಯ ಲಯವೂ ನೀರಿನ ತೂಗಾಟದ ಲಯವೂ ಕೂಡಿಬಂದರೆ ನೀರು ಜೋರಾಗಿ ತುಳುಕುತ್ತದೆ. ಇದೇ ಅನುರಣನ, ಅನುನಾದ ಎಂದು ಬರೆಯುವವರೂ ಇದ್ದಾರೆ. ಲೋಹದ ಕಣದೊಳಗೆ ಯಾವ ಪರಮಾಣುವಿಗೂ ಅಂಟಿಕೊಳ್ಳದ ಎಲೆಕ್ಟ್ರಾನುಗಳ ಹಿಂಡು ಕೊಡದ ನೀರಿನಂತಿದೆ. ಬೆಳಕಿನ ವಿದ್ಯುತ್ ಕ್ಷೇತ್ರ ಅದನ್ನು ಆಚೀಚೆ ತಳ್ಳುತ್ತದೆ, ಹಿಂದುಳಿದ ಧನ ವಿದ್ಯುದಂಶ ಮರಳಿ ಎಳೆಯುತ್ತದೆ. ಎಲೆಕ್ಟ್ರಾನುಗಳ ಈ ಸಾಮೂಹಿಕ ತುಳುಕಾಟದ ಒಂದು ಕ್ವಾಂಟಮ್ಮಿಗೆ, ಅಂದರೆ ಇನ್ನೂ ಒಡೆಯಲಾಗದ ಕನಿಷ್ಠ ಪಾಲಿಗೆ, ಪ್ಲಾಸ್ಮಾನ್ ಎನ್ನುತ್ತಾರೆ. ಎಲೆಕ್ಟ್ರಾನ್, ಫೋಟಾನ್‌ಗಳ ಬಾಲವನ್ನು ಪ್ಲಾಸ್ಮಾ ಎಂಬ ಪದಕ್ಕೆ ಅಂಟಿಸಿ 1956ರಲ್ಲಿ ಭೌತವಿಜ್ಞಾನಿ ಡೇವಿಡ್ ಪೈನ್ಸ್ ಕೊಟ್ಟ ಹೆಸರು ಇದು. ವಿದ್ಯಮಾನ ಮಾತ್ರ ಹೆಸರಿಗಿಂತ ಹಳೆಯದು: ಚಿನ್ನದ ಕೆಂಪು ನೀರನ್ನು ಮೈಕೆಲ್ ಫ್ಯಾರಡೆ 1857ರಲ್ಲೇ ವಿವರಿಸಿದ್ದ, ಅದರ ಲೆಕ್ಕವನ್ನು ಗುಸ್ತಾವ್ ಮೀ 1908ರಲ್ಲಿ ಬಿಡಿಸಿದ.

ನೀರಿನಲ್ಲಿರುವ ಸಣ್ಣ ಚಿನ್ನದ ಗೋಳಗಳ ಲಯ 520 ನ್ಯಾನೋಮೀಟರ್ ತರಂಗಾಂತರದ ಹಸಿರು ಬೆಳಕಿಗೆ ಹೊಂದುತ್ತದೆ. ಹಸಿರನ್ನು ಕಣಗಳು ನುಂಗಿದ ಮೇಲೆ ಕಣ್ಣಿಗೆ ಉಳಿಯುವುದು ಕೆಂಪು. ಬೆಳ್ಳಿಯ ಗೋಳಗಳು 400ರ ಆಸುಪಾಸಿನ ನೇರಳೆಯನ್ನು ನುಂಗುವುದರಿಂದ ಅವುಗಳ ನೀರು ಹಳದಿ.

ಈ ಲಯವನ್ನು ಬೇಕಾದಂತೆ ತಿರುಗಿಸಲು ಬರುತ್ತದೆ ಎನ್ನುವುದರಲ್ಲೇ ಈ ವಿದ್ಯೆಯ ಸತ್ವವಿದೆ. ಗಾತ್ರ ಹೆಚ್ಚಿಸಿದರೆ ಪ್ರಯೋಜನ ಅಷ್ಟಕ್ಕಷ್ಟೆ: ಗೋಳವನ್ನು 20ರಿಂದ 100 ನ್ಯಾನೋಮೀಟರಿಗೆ ಬೆಳೆಸಿದರೂ ಶಿಖರ, ಅಂದರೆ ಕಣಗಳು ಅತಿ ಹೆಚ್ಚು ಬೆಳಕು ನುಂಗುವ ತರಂಗಾಂತರ, 570ರ ಸುತ್ತಮುತ್ತ ನಿಲ್ಲುತ್ತದೆ. ಆಕಾರಕ್ಕೆ ಬಲ ಹೆಚ್ಚು. ದೋಣಿಯ ತಳದಲ್ಲಿ ನಿಂತ ನೀರನ್ನು ಗಮನಿಸಿ. ಅಡ್ಡಕ್ಕೆ ಬೇಗ ತುಳುಕುತ್ತದೆ, ಉದ್ದಕ್ಕೆ ನಿಧಾನ. ಚಿನ್ನದ ಕಡ್ಡಿಗಳಲ್ಲಿಯೂ ಹೀಗೇ ಎರಡು ಶಿಖರ ಕಾಣುತ್ತವೆ. ಅಡ್ಡ ತೂಗಾಟದ್ದು 520ರ ಹತ್ತಿರವೇ ಉಳಿದರೆ, ಉದ್ದ ಅಗಲದ ನಾಲ್ಕು ಪಟ್ಟಿರುವ ಕಡ್ಡಿಯಲ್ಲಿ ಉದ್ದ ತೂಗಾಟದ್ದು 800ರ ಹತ್ತಿರ, ಕಣ್ಣಿಗೆ ಕಾಣದ ಅವಕೆಂಪಿಗೆ ಹೋಗುತ್ತದೆ. ಸುತ್ತಲಿನ ಮಾಧ್ಯಮದ ವಕ್ರೀಭವನ ಸೂಚ್ಯಂಕ (ಅದು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) ಇನ್ನೊಂದು ಹಿಡಿಕೆ, ಆದರೆ ಸಣ್ಣ ಗೋಳಗಳಲ್ಲಿ ಅದು ಬಡಕಲು. ನೀರಿನ 1.33ರಿಂದ ಗಟ್ಟಿ ಸಕ್ಕರೆ ಪಾಕದ 1.42ಕ್ಕೆ ಏರಿಸಿದರೂ ಶಿಖರ ಸರಿಯುವುದು ಐದಾರು ನ್ಯಾನೋಮೀಟರ್; ಕಣ್ಣಿಗೆ ಗೊತ್ತೇ ಆಗದು.

ಎಲ್ಲಕ್ಕಿಂತ ಬಿರುಸಿನದು ಅಂತರ. ಚಿನ್ನದ ಕಣಗಳ ಮೇಲೆ, ಅವನ್ನು ಮಾಡುವಾಗ ಹಾಕಿದ ಸಿಟ್ರೇಟ್ ಲವಣದ ಋಣ ವಿದ್ಯುದಂಶವಿದ್ದು ಅವು ಒಂದನ್ನೊಂದು ದೂರ ತಳ್ಳುತ್ತಿರುತ್ತವೆ. ಉಪ್ಪಿನ ಅಯಾನುಗಳು ಈ ತಳ್ಳಾಟವನ್ನು ಮರೆಮಾಡುತ್ತವೆ. ಕಣಗಳು ಗುಂಪುಗೂಡಿದೊಡನೆ ಒಂದರ ತುಳುಕಾಟ ಪಕ್ಕದ್ದಕ್ಕೆ ಸೇರಿ ಶಿಖರ 600ರಾಚೆ ಜಾರುತ್ತದೆ, ದ್ರವ ನೀಲಿಯಾಗುತ್ತದೆ. ಕಡಲುಪ್ಪಿನಲ್ಲಿ ಸೋಡಿಯಂ ಜೊತೆಗೆ ಮೆಗ್ನೀಸಿಯಂ, ಕ್ಯಾಲ್ಸಿಯಂ ಕೂಡ ಇರುತ್ತವೆ. ಎರಡು ವಿದ್ಯುದಂಶದ ಈ ಅಯಾನುಗಳು ತುಂಬ ಕಡಿಮೆ ಪ್ರಮಾಣದಲ್ಲೇ ಕೆಲಸ ಮುಗಿಸುತ್ತವೆ. ಪಕ್ಕದ ನಳಿಕೆಗೆ ಉಪ್ಪಿನ ಬದಲು ಸಕ್ಕರೆ ನೀರು ಬಿಟ್ಟು ನೋಡಿ, ಕೆಂಪು ಕದಲುವುದಿಲ್ಲ. ಬಣ್ಣ ಬದಲಾದದ್ದು ದ್ರವ ತೆಳುವಾದದ್ದರಿಂದಲ್ಲ ಎನ್ನುವುದಕ್ಕೆ ಇದೇ ಸಾಕ್ಷಿ.

ಈ ಕೆಂಪು ನೀರನ್ನು ಮಾಡುವ ವಿಧಾನ 1951ರಲ್ಲಿ ರಸಾಯನವಿಜ್ಞಾನಿ ಟರ್ಕೆವಿಚ್ ತೋರಿಸಿದ್ದು. ಕಾಲೇಜಿನ ಪ್ರಯೋಗಾಲಯದಲ್ಲಿ ಮಾಡುವ ಕೆಲಸ, ಅಡುಗೆಮನೆಯದಲ್ಲ. 1 ಮಿಲಿಮೋಲಾರ್ ಕ್ಲೋರೋಆರಿಕ್ ಆಮ್ಲ ಎಂಬ ಚಿನ್ನದ ಲವಣದ 20 ಮಿಲಿಲೀಟರ್ ದ್ರಾವಣವನ್ನು ಕಲಕುತ್ತ ಕುದಿಸಿ, ಕುದಿಯುತ್ತಿರುವಾಗಲೇ 1% ಟ್ರೈಸೋಡಿಯಂ ಸಿಟ್ರೇಟ್ 2 ಮಿಲಿಲೀಟರನ್ನು ಒಂದೇ ಸಲಕ್ಕೆ ಸುರಿಯಬೇಕು. ಹಳದಿ ಬಣ್ಣ ಮಾಯವಾಗಿ, ಬೂದುಗಪ್ಪಾಗಿ, ನೇರಳೆಯಾಗಿ, ಹತ್ತು ನಿಮಿಷದೊಳಗೆ ಕೆಂಪಾಗುತ್ತದೆ. ಆವಿಯಾದಷ್ಟು ನೀರನ್ನು ಮತ್ತೆ ತುಂಬುತ್ತಿರಬೇಕು. ಸಿಟ್ರೇಟ್ ಕಡಿಮೆ ಮಾಡಿದಷ್ಟೂ ಕಣ ದೊಡ್ಡದಾಗುತ್ತದೆ.

ಕೆಡುವುದು ಬಹುಪಾಲು ನೀರು ಮತ್ತು ಗಾಜಿನಿಂದ. ಕಡಲ ಪಕ್ಕದ ಬಾವಿಗಳ ನೀರಿಗೆ ಉಪ್ಪಿನ ಅಂಶ ಸೇರಿರುತ್ತದೆ. ಅದನ್ನು ಬಳಸಿದರೆ ಕೆಂಪು ಹುಟ್ಟುವ ಮೊದಲೇ ಕಣಗಳು ಗುಂಪುಗೂಡಿ ತಳಕ್ಕಿಳಿಯುತ್ತವೆ. ಬಟ್ಟಿ ಇಳಿಸಿದ ನೀರೇ ಬೇಕು. ಗಾಜಿನ ಮೇಲೆ ಹಿಂದಿನ ಸಲದ ಚಿನ್ನ ಉಳಿದಿದ್ದರೆ ಹೊಸ ಚಿನ್ನ ಅದರ ಮೇಲೆಯೇ ಬೆಳೆಯುತ್ತದೆ. ಆದ್ದರಿಂದ ಗಾಜನ್ನು ಮೊದಲು ಮೂರು ಪಾಲು ಹೈಡ್ರೋಕ್ಲೋರಿಕ್, ಒಂದು ಪಾಲು ನೈಟ್ರಿಕ್ ಆಮ್ಲದ ಮಿಶ್ರಣದಿಂದ ಹೊಗೆಗೂಡಿನಲ್ಲಿ (ಫ್ಯೂಮ್ ಹುಡ್), ಕೈಗವಸು ಹಾಕಿಕೊಂಡು ತೊಳೆಯಬೇಕು. ಚಿನ್ನದ ಲವಣವನ್ನು ಉಕ್ಕಿನ ಚಮಚದಿಂದ ತೆಗೆದರೆ ಚಮಚದ ಮೇಲೆಯೇ ಚಿನ್ನ ಕೂರುತ್ತದೆ, ತೂಕ ತಪ್ಪುತ್ತದೆ. ಇನ್ನು ಕಾರವಾರದ ಆಷಾಢದಲ್ಲಿ ಆ ಲವಣದ ಬಾಟಲಿ ತೆರೆದಿಟ್ಟರೆ ಗಾಳಿಯ ತೇವ ಹೀರಿ ಅಂಟಂಟಾಗುತ್ತದೆ. ಬಾಟಲಿ ತೆರೆದ ದಿನವೇ ಪೂರ್ತಿ ದ್ರಾವಣ ಮಾಡಿ ಕತ್ತಲಲ್ಲಿಡುವುದು ಜಾಣತನ. ಆದ ಕೆಂಪು ನೀರನ್ನು ಫ್ರಿಜ್‌ನಲ್ಲಿ ಇಡಬಹುದು, ಫ್ರೀಜರಿನಲ್ಲಿ ಬೇಡ. ಹೆಪ್ಪುಗಟ್ಟಿದರೆ ಕಣಗಳು ಒತ್ತೊತ್ತಾಗಿ ಸೇರಿ ಮತ್ತೆ ಬಿಡಿಯಾಗುವುದಿಲ್ಲ.

ಒಂದು ಗೊಂದಲ ಇಲ್ಲಿಯೇ ಬಿಡಿಸಿಬಿಡಬೇಕು. ಚಿಪ್ಪಿನ ಒಳಮೈಯ ಹೊಳಪು, ನವಿಲುಗರಿಯ ನೀಲಿ ಇವೂ ಪ್ಲಾಸ್ಮಾನಿನ ಬಣ್ಣ ಎಂದು ಬರೆಯುವವರಿದ್ದಾರೆ. ಅಲ್ಲ. ಅಲ್ಲಿ ಲೋಹವೇ ಇಲ್ಲ. ನವಿಲಿನಲ್ಲಿ ಮೆಲನಿನ್ ಕಡ್ಡಿಗಳು ಸುಮಾರು 140 ನ್ಯಾನೋಮೀಟರ್ ಅಂತರದಲ್ಲಿ ಸಾಲಾಗಿ ನಿಂತರೆ ನೀಲಿ, 150ರಲ್ಲಿ ಹಸಿರು. ಪದರಪದರದಿಂದ ಮರಳುವ ಬೆಳಕು ಒಂದಕ್ಕೊಂದು ಕೂಡಿ ಹುಟ್ಟುವ ಈ ಬಣ್ಣ ಫೋಟಾನಿಕ್ ಹರಳಿನದು, ಅಂದರೆ ಹೀಗೆ ಕ್ರಮವಾಗಿ ಜೋಡಿಸಿದ ಸೂಕ್ಷ್ಮ ರಚನೆಯದು. ಪರೀಕ್ಷೆ ಸುಲಭ: ಚಿಪ್ಪನ್ನು ಓರೆ ಮಾಡಿದರೆ ಬಣ್ಣ ಓಡಾಡುತ್ತದೆ, ಚಿನ್ನದ ನೀರಿನ ಬಾಟಲಿಯನ್ನು ಎತ್ತ ತಿರುಗಿಸಿದರೂ ಕೆಂಪು ಕೆಂಪೇ.

ಫೋಟಾನಿಕ್ ಬಣ್ಣವನ್ನೂ ಕೈಯಾರೆ ಮಾಡಬಹುದು. ಒಂದೇ ಅಳತೆಯ ಸಿಲಿಕಾ ಗೋಳಗಳನ್ನು ಎಥನಾಲಿನಲ್ಲಿ ಕದಡಿ, ಅದರಲ್ಲಿ ಗಾಜಿನ ಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ, ಎಥನಾಲು ನಿಧಾನ ಆರುವಂತೆ ಬಿಡಬೇಕು. ನೇರ ನೋಡಿದಾಗ ಕಾಣುವ ತರಂಗಾಂತರ ಗೋಳದ ವ್ಯಾಸದ 2.2 ಪಟ್ಟಿನ ಆಸುಪಾಸು: 200 ನ್ಯಾನೋಮೀಟರಿಗೆ ನೀಲಿ, 250ಕ್ಕೆ ಹಸಿರು, 290ಕ್ಕೆ ಕೆಂಪು. ಗೋಳಗಳ ಅಳತೆ 5%ಕ್ಕಿಂತ ಹೆಚ್ಚು ಏರುಪೇರಾದರೆ ಸಾಲು ಮುರಿದು ಬರೀ ಹಾಲುಬಿಳುಪು ಉಳಿಯುತ್ತದೆ. ಬೇಗ ಆರಲೆಂದು ಫ್ಯಾನ್ ಹಾಕಿದರೆ ದ್ರವ ಅಲುಗಿ ಅಡ್ಡಪಟ್ಟಿ ಬೀಳುತ್ತವೆ, ಪದರ ಬಿರಿಯುತ್ತದೆ. ಪಾತ್ರೆಯ ಮೇಲೆ ದೊಡ್ಡ ಬೀಕರ್ ಕವುಚಿ, ಅಂಚಿನಲ್ಲಿ ಚೂರೇ ಚೂರು ಸಂದು ಬಿಟ್ಟು, ಒಂದೆರಡು ದಿನ ಮುಟ್ಟದೆ ಇಡಿ.